ಪುತಳಿ ಸರದ ನಡುವಿನ ಮುಖ

ಗಂಗವ್ವ, ನಿನ್ನ ಅತ್ತೆಯ ಪುತಳಿ ಸರದ ನಡುವಿನ ನಾಣ್ಯವನ್ನು ಬದಲಿಸಿದವನು ನಾನು. ನೀನಲ್ಲ, ನಿನ್ನ ತವರಿನವರೂ ಅಲ್ಲ — ನಾನು, ಶಿಗ್ಗಾಂವದ ಪತ್ತಾರ, ನಿಮ್ಮ ಮನೆಯ ಬಂಗಾರದ ಕೆಲಸ ಮಾಡುವವನು, ನೀನು ಕಾಕಾ ಎಂದು ಕರೆಯುವವನು. ಹನ್ನೆರಡು ವರ್ಷ ಈ ಮಾತನ್ನು ನುಂಗಿಕೊಂಡು ಕೂತೆ.

ಏಕೀಕರಣದ ಹಿಂದಿನ ವರ್ಷ ಅದು. ಹಳೆಯ ನಾಣ್ಯಗಳನ್ನು ಹುಡುಕುತ್ತ ಧಾರವಾಡದ ಕಡೆಯ ಗೃಹಸ್ಥರೊಬ್ಬರು ನನ್ನ ಅಂಗಡಿಗೆ ಬಂದು, ಪುಸ್ತಕದಲ್ಲೊಂದು ಚಿತ್ರ ತೋರಿಸಿದ್ದರು. ರೋಮ್ ಚಕ್ರವರ್ತಿಯ ಬಂಗಾರದ ನಾಣ್ಯ. ಅವನ ರಾಜ್ಯ ಸಮುದ್ರದ ಆಚೆಗೇ ಮುಗಿದಿತ್ತಂತೆ. ನಾಣ್ಯ ಮಾತ್ರ ಮೆಣಸು, ಮುತ್ತು ಕೊಳ್ಳುವವರ ಕೈಯಲ್ಲಿ ನಮ್ಮ ಸೀಮೆಯವರೆಗೂ ಬಂದಿತ್ತಂತೆ. ನಕ್ಕು ಕಳಿಸಿದ್ದೆ. ತಿಂಗಳೊಳಗೆ ನೀನು ಬಂದೆ — ತಮ್ಮನ ಮದುವೆಗೆ ತಿಳವಳ್ಳಿಗೆ ಹೋಗಬೇಕು, ಸರದ ದಾರ ಸವೆದಿದೆ, ಪೋಣಿಸಿ ಕೊಡಿ ಎಂದು. ಬಂಗಾರದ ಪುತಳಿ ಬಿಲ್ಲೆಗಳ ನಡುವೆ, ತಲೆಯ ಮೇಲೆ ಎರಡು ತೂತು ಹೊತ್ತು, ಅದೇ ಮುಖ. ನಿಮ್ಮ ಮನೆಯಲ್ಲಿ ಆ ಚಕ್ರವರ್ತಿಯನ್ನು ಲಕ್ಷ್ಮಿ ಎಂದು ಪೂಜಿಸುತ್ತಿದ್ದರು!

ಆ ಕೆಲಸ, ಗಂಗವ್ವ — ಕತ್ತಿನ ನರ, ಕಿವಿಯ ಮೇಲಿನ ಒಂದೊಂದು ಎಳೆ ಕೂದಲು... ಅಂಥ ಅಚ್ಚನ್ನು ನಾನು ಜನ್ಮದಲ್ಲಿ ಕೊರೆದಿರಲಿಲ್ಲ. ನೋಡಿ ಕಲಿಯುವುದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅದು ನನ್ನದಾಗಬೇಕು ಅನ್ನಿಸಿತ್ತು, ಅಷ್ಟೇ. "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ" ಎಂದು ಯಾರಾದರೂ ಚೇಷ್ಟೆ ಮಾಡಿದರೆ ಜಗಳಕ್ಕೆ ನಿಲ್ಲುತ್ತಿದ್ದವನು ನಾನು. ಅದಕ್ಕೇ ನನ್ನ ಬಂಗಾರದಲ್ಲಿ ಆ ಮುಖವನ್ನು ಕೈಲಾದಷ್ಟು ಕೊರೆದು, ಹೊಸದನ್ನು ಒಂದು ಗುಂಜಿ ಹೆಚ್ಚೇ ತೂಗುವಂತೆ ಮಾಡಿ ಕೂರಿಸಿದೆ, ಹಳೆಯದನ್ನು ಇಟ್ಟುಕೊಂಡೆ. ತೂಕ ಸರಿಯಿದ್ದರೆ ಪತ್ತಾರ ಕಳ್ಳನಲ್ಲ — ನನ್ನ ಬುದ್ಧಿ ಅಲ್ಲಿಗೇ ನಿಂತಿತ್ತು.

ನಿನ್ನ ಅತ್ತೆಯ ಕಣ್ಣಿಗೆ ಪೊರೆ ಬಂದದ್ದು ನನಗೆ ಗೊತ್ತಿತ್ತು. ಪ್ರತಿ ಶುಕ್ರವಾರ ಆ ಮುಖಕ್ಕೆ ಅರಿಷಿಣ ಹಚ್ಚುವ ಬೆರಳು ಅವರದು ಎಂಬುದು ಹೊಳೆಯಲಿಲ್ಲ. ನೀನು ಮದುವೆ ಮುಗಿಸಿ ಬಂದ ಶುಕ್ರವಾರ ಹೆಬ್ಬೆರಳು ಆಡಿಸಿದವರೇ, "ಇದು ನಮ್ಮ ಲಕ್ಷ್ಮಿ ಅಲ್ಲ" ಎಂದರಂತೆ.

ನನ್ನನ್ನು ಕರೆಸಿದರು. ಪಡಸಾಲೆಯಲ್ಲಿ ನಿನ್ನ ಗಂಡ, ಓಣಿಯ ನಾಲ್ಕು ಜನ ಹಿರಿಯರು. ನೀನು ಬಾಗಿಲ ಮರೆಯಲ್ಲಿ.

"ಪತ್ತಾರಪ್ಪ, ನೀ ಪೋಣಿಸಿ ಕೊಟ್ಟಾಗ ಯಾವುದಿತ್ತು? ಖರೇ ಹೇಳು," ಎಂದರು ಅತ್ತೆ.

"ಹಳೇದ ಇತ್ತರಿ ಅವ್ವಾರ," ಎಂದೆ.

ಅಷ್ಟೇ ಮಾತು. ತವರಿಗೆ ಕೊಟ್ಟು ಬಂದಳು ಎಂದು ಅದೇ ವಾರ ನಿನ್ನನ್ನು ತಿಳವಳ್ಳಿಗೆ ಕಳಿಸಿದರು, ಮತ್ತೆ ಯಾರೂ ಕರೆಯಲು ಬರಲಿಲ್ಲ. ನಿನ್ನ ಗಂಡ ಇನ್ನೊಂದು ಮದುವೆಯಾದ. ಆ ಹೆಣ್ಣಿನ ತಾಳಿಯನ್ನೂ ನಾನೇ ಮಾಡಿಕೊಟ್ಟೆ — ಕೂಲಿ ಎಣಿಸಿಕೊಂಡೆ, ಅದನ್ನೂ ಹೇಳಬೇಕು.

ಹೋದ ಸೋಮವಾರ, ಹೇಳಿಯೇ ಬಿಡಬೇಕೆಂದು ತಿಳವಳ್ಳಿಗೆ, ನಿನ್ನ ಬಾಗಿಲಿಗೆ ಬಂದೆ. ನೀನು ನೀರು, ಬೆಲ್ಲ ತಂದಿಟ್ಟೆ. ನಾನು ಬಾಯಿ ತೆಗೆಯುವ ಮೊದಲೇ ನೀನೇ ಹೇಳಿದೆ: "ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲರಿ ಕಾಕಾ. ನೀವು ಇದ್ದದ್ದ ಹೇಳಿದ್ರಿ. ಮದುವಿ ಮನಿಯಾಗ ತಲೀಗೆ ನೀರು ಎರಕೊಳ್ಳೂ ಮುಂದ ಸರ ಬಿಚ್ಚಿ ನಮ್ಮವ್ವನ ಕೈಯಾಗ ಕೊಟ್ಟಿದ್ದೆ. ಮತ್ಯಾರು ತಗೀತಾರ? ಒಂದ ಮನಿಯಾಗ ಇದ್ದು, ಆಕಿ ಸಾಯೂ ಮಟ ನಾ ಆಕಿ ಕೂಡ ಮಾತಾಡಲಿಲ್ಲ."

ನಾನು ನೀರು ಕುಡಿದೆ. "ಬರ್ತೇನವ್ವ" ಎಂದೆ. ಹಾನಗಲ್ಲಿನ ಬಸ್ಸು ಹತ್ತಿದೆ.

ಒಬ್ಬಳ ಬಾಳು ಕೆಡಿಸಿದ್ದೇನೆ ಎಂದುಕೊಂಡಿದ್ದೆ, ಅಷ್ಟನ್ನೇ ಹೊತ್ತುಕೊಂಡು ಬಂದಿದ್ದೆ. ಆ ತಾಯಿ ಮಗಳ ಮುಖ ನೋಡುತ್ತ, ತಾನೇನು ತಪ್ಪು ಮಾಡಿದೆನೋ ಎಂದು — ಅಷ್ಟು ವರ್ಷ — ನನಗೆ ಮುಂದೆ ಯೋಚಿಸಲಾಗುವುದಿಲ್ಲ.

ನಾಳೆ ಆ ನಾಣ್ಯ ಹಿಡಿದು ನಿನ್ನ ಗಂಡನ ಪಡಸಾಲೆಗೆ ಹೋಗುತ್ತೇನೆ. ಉಳಿದಿರುವ ಹಿರಿಯರ ಮುಂದೆ ನಡೆದದ್ದನ್ನು ಹೇಳುತ್ತೇನೆ. ಆಮೇಲೆ ತಿಳವಳ್ಳಿಗೆ ಬಂದು ಹೊರಗೇ ನಿಂತು ಈ ಕಾಗದವನ್ನು ನಿನಗೆ ಓದಿ ಹೇಳುತ್ತೇನೆ. ಕ್ಷಮಿಸು ಎಂದು ಇದರಲ್ಲಿ ಬರೆದಿಲ್ಲ. ಕೇಳುವ ಮುಖ ನನಗಿಲ್ಲ. ನಿನ್ನ ಅವ್ವ ಏನೂ ತೆಗೆದಿರಲಿಲ್ಲ, ಗಂಗವ್ವ.