ಆ ಡ್ರಿಪ್ ಹಾಕಿದವರು

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆದರೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಆದರೆ ನಡೆದದ್ದು ನಡೆದದ್ದೇ.

ನಾನು ಜಯನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಸೇರಿದಾಗ ಸರೋಜಮ್ಮ ಮೇಡಂ ನಮಗೆಲ್ಲ ಮುಖ್ಯಸ್ಥೆ. ದಣಿದ ನರ್ಸ್ ಕೈಯಿಂದ ರೋಗಿಗೇ ಅಪಾಯ ಎಂದು ಮ್ಯಾನೇಜ್‌ಮೆಂಟ್ ಜೊತೆ ವರ್ಷಗಟ್ಟಲೆ ಜಗಳವಾಡಿ, ನಮಗೊಂದು ಮಲಗುವ ಕೋಣೆ ಮಾಡಿಸಿದವರು. ನೈಟ್ ಡ್ಯೂಟಿಯಲ್ಲಿ ಮೂರು ಗಂಟೆಗೆ ತಾವೇ ಬಂದು, ಹದಿನೈದು ನಿಮಿಷ ಮಲಗಲು ಕಳಿಸಿ, ನಮ್ಮ ಕುರ್ಚಿಯಲ್ಲಿ ಕೂರುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಪದ್ಧತಿ ನಿಂತುಹೋಯಿತು.

ಅಂದು ನನಗೆ ಸತತ ಐದನೇ ನೈಟ್. ಜೊತೆಯವಳು ರಜೆ. ಇಡೀ ವಾರ್ಡಿಗೆ ನಾನೊಬ್ಬಳೇ. ಫ್ಯಾನಿನ ಕಿರ್... ಕಿರ್... ಚಾರ್ಟಿನ ಅಕ್ಷರಗಳು ಎರಡೆರಡಾಗಿ ಕಾಣುತ್ತಿದ್ದವು.

ಇದ್ದಕ್ಕಿದ್ದಂತೆ ಕೊಬ್ಬರಿ ಎಣ್ಣೆಯ ವಾಸನೆ. ಹೆಗಲ ಮೇಲೆ ಒಂದು ಕೈ.

“ಏಳಮ್ಮ. ಕಣ್ಣು ಹೆಂಗಾಗಿದೆ ನೋಡು. ನಾನ್ ಕೂತಿರ್ತೀನಿ, ಹೋಗು.”

ತಿರುಗಿಯೂ ನೋಡದೆ “ಸರಿ ಮೇಡಂ” ಅಂದೆ. ಹೋಗಿ ಮಲಗಿದೆ. ಎಷ್ಟೋ ರಾತ್ರಿಗಳ ಅಭ್ಯಾಸ...

ಹದಿನೈದು ನಿಮಿಷಕ್ಕೆ ಎಚ್ಚರವಾದಾಗ ನೆನಪಾಯಿತು. ಮೇಡಂ ನಿವೃತ್ತರಾಗಿ ಆಗಲೇ ಎರಡು ವರ್ಷ.

ಓಡಿ ಬಂದೆ. ಕುರ್ಚಿ ಖಾಲಿ. ನಾಲ್ಕನೇ ಬೆಡ್ಡಿನ ತಾತನಿಗೆ ಗ್ಲೂಕೋಸ್ ಹನಿಯುತ್ತಿತ್ತು. ನಾನು ಹಾಕಿದ್ದಲ್ಲ.

ಪಕ್ಕದಲ್ಲಿದ್ದ ಮಗಳು ಪಿಸುಗುಟ್ಟಿದಳು. “ಅಪ್ಪ ಬೆವ್ತು ಹೋಗಿದ್ರು, ಕೂಗಿದ್ರೂ ಮಾತಿಲ್ಲ. ದೊಡ್ಡ ಸಿಸ್ಟರ್ ಬಂದು, ಶುಗರ್ ಇಳಿದಿದೆ ಅಂತ ಡ್ರಿಪ್ ಹಾಕಿದ್ರು. ನಿಮ್ಮನ್ನ ಕರೀಲಾ ಅಂದ್ರೆ, ಬೇಡ, ಮಲಗ್ಲಿ ಪಾಪ ಅಂದ್ರು.”

ಬಾಗಿಲಲ್ಲಿದ್ದ ಸೆಕ್ಯುರಿಟಿಯನ್ನು ಕೇಳಿದೆ. ಮಧ್ಯರಾತ್ರಿಯಿಂದ ಯಾರೂ ಒಳಗೆ ಬಂದಿಲ್ಲ ಎಂದ.

ಚಾರ್ಟಿನಲ್ಲಿ ಸಕ್ಕರೆಯ ಮಟ್ಟ, ಸಮಯ, ಡ್ರಿಪ್ಪಿನ ಅಳತೆ ಎಲ್ಲವೂ ನೀಟಾಗಿ ಬರೆದಿತ್ತು. ಸಹಿಯ ಜಾಗ ಮಾತ್ರ ಖಾಲಿ. ಬೆಳಗಿನವರಿಗೆ ಡ್ಯೂಟಿ ಒಪ್ಪಿಸುವ ಮುನ್ನ ಅಲ್ಲಿ ನನ್ನ ಸಹಿ ಹಾಕಿದೆ. ಹಾಕದಿದ್ದರೆ ಏನಂತ ಹೇಳಲಿ?

ಮನೆಗೆ ಬಂದು ಗೊಟ್ಟಿಗೆರೆಗೆ, ಮೇಡಂ ಮನೆಗೆ ಫೋನ್ ಮಾಡಿದೆ. ಸೊಸೆ ತೆಗೆದರು. ಅತ್ತೆ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ತಿಂಗಳಿಂದ ಹಾಸಿಗೆ ಬಿಟ್ಟು ಎದ್ದಿಲ್ಲ ಎಂದು ಹೇಳಿ ಫೋನನ್ನು ಅವರ ಕಿವಿಗೆ ಹಿಡಿದರು.

ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

“ನಿದ್ದೆ ಆಯ್ತೇನಮ್ಮ? ಆ ತಾತ ಏನಾದ್ರೂ ತಿಂದ್ರಾ?”

ಫೋನ್ ಇಟ್ಟುಬಿಟ್ಟೆ.

ಮನೆಗೆ ಹೊರಟ ದಿನ ತಾತ ನನ್ನ ಎರಡೂ ಕೈ ಹಿಡಿದು, ನೀನಿಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ ಎಂದರು. ಮಗಳು ನನ್ನನ್ನೇ ನೋಡುತ್ತಿದ್ದಳು.

ಆ ಹದಿನೈದು ನಿಮಿಷ ನಾನು ಅಲ್ಲಿರಲಿಲ್ಲ... ಅದು ಗೊತ್ತಿರುವುದು ನನಗೆ, ಆ ಮಗಳಿಗೆ, ಮತ್ತೆ ಮೇಡಂಗೆ ಮಾತ್ರ.