ದಿನ ಬರೆಯದ ಲೀವ್ ಲೆಟರ್

ಮೊನ್ನೆ ಏಳನೆಯ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಮೇಜಿನ ಮೇಲೆ ಒಂದು ಲೀವ್ ಲೆಟರ್ ಇಟ್ಟು ಹೋದಳು. ಓದುವ ಮೊದಲೇ ಅದರ ವಾಸನೆ ಮೂಗಿಗೆ ಬಡಿಯಿತು. ಪೆಟ್ಟಿಗೆಯೊಳಗೆ ಮುಚ್ಚಿಟ್ಟ ಸಾಬೂನು, ಪೌಡರು, ಮಡಿಕೆ ಬಿಚ್ಚದ ಹೊಸ ಬಟ್ಟೆ ಎಲ್ಲ ಒಂದಕ್ಕೊಂದು ಅಂಟಿಕೊಂಡು ಹುಟ್ಟುವ ವಾಸನೆ. ತಂದೆ ಗಲ್ಫಿನಿಂದ ಲೀವಿನಲ್ಲಿ ಬಂದಿದ್ದಾರೆ, ತನಗೆ ಎರಡು ದಿನ ಲೀವ್ ಬೇಕು ಎಂದು ಬರೆದಿದ್ದಳು. ಸಹಿ ಹಾಕಿದೆ. ಆಮೇಲೆ ಪಾಠ ಮುಂದುವರಿಸಲು ಆಗಲಿಲ್ಲ, ಮಕ್ಕಳಿಗೆ ಓದಿಕೊಳ್ಳಲು ಹೇಳಿ ಕಿಟಕಿಯ ಬಳಿ ಹೋಗಿ ನಿಂತೆ. ಗಲ್ಫಿನವರ ಮನೆಯಲ್ಲಿ ಬೆಳೆದಿದ್ದರೆ ಈ ವಾಸನೆ ನಿಮಗೂ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಚಿಕ್ಕಂದಿನಲ್ಲಿ ಯಾರನ್ನಾದರೂ ಕಾದಿದ್ದರೆ ಸಾಕು.

ನಾನು ಬೆಳೆದದ್ದು ಪಾಣೆಮಂಗಳೂರಿನಲ್ಲಿ, ಹೊಳೆಗೆ ಇಳಿಯುವ ದಾರಿಯ ಪಕ್ಕದ ಒಂದು ಹೆಂಚಿನ ಮನೆಯಲ್ಲಿ. ಮನೆಯಲ್ಲಿ ನಾವು ಮೂವರೇ ಇದ್ದೆವು. ನನ್ನ ತಾಯಿ ಉಮ್ಮ, ತಂದೆಯ ತಾಯಿ ಉಮ್ಮಮ್ಮ, ಮತ್ತೆ ನಾನು. ತಂದೆ, ನನ್ನ ಬಾಪ, ಸೌದಿಯ ದಮ್ಮಾಮಿನಲ್ಲಿ ನೀರಿನ ಲಾರಿ ಓಡಿಸುತ್ತಿದ್ದರು. ಎರಡು ವರ್ಷಕ್ಕೊಮ್ಮೆ ನಲವತ್ತೈದು ದಿನದ ಮಟ್ಟಿಗೆ ಬರುತ್ತಿದ್ದರು. ಆ ನಲವತ್ತೈದು ದಿನಗಳ ಹೆಸರು ಲೀವ್. ಮನೆಯೊಳಗೆ ನಾವು ಬ್ಯಾರಿ ಮಾತಾಡುತ್ತಿದ್ದೆವು, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ. ಮೂರರಲ್ಲೂ ಆ ಶಬ್ದ ಒಂದೇ ಆಗಿದ್ದುದರಿಂದ ಅದು ನಮ್ಮದೇ ಎಂದುಕೊಂಡಿದ್ದೆ. ಮಳೆಗಾಲ, ಚಳಿಗಾಲ ಇದ್ದ ಹಾಗೆ ಲೀವ್ ಎಂಬುದೊಂದು ಕಾಲ. ಉಮ್ಮಮ್ಮ ಹಲಸಿನ ಹಪ್ಪಳದ ಒಂದು ಡಬ್ಬವನ್ನು ಬೇರೆ ಇಟ್ಟು, ಅದು ಲೀವಿಗೆ ಎಂದು ನನ್ನ ಕೈ ತಟ್ಟುತ್ತಿದ್ದರು. ಗೋಡೆಯ ಸುಣ್ಣ ಉದುರಿದರೆ ಲೀವಿನ ಹೊತ್ತಿಗೆ ಬಳಿಸುವ ಎನ್ನುತ್ತಿದ್ದರು. ಉಮ್ಮ ಕಣ್ಣಿಗೆ ಸುರ್ಮಾ ಹಾಕುತ್ತಿದ್ದದ್ದು ಲೀವಿನಲ್ಲಿ ಮಾತ್ರ. ಪಕ್ಕದ ಮನೆಯ ಗಿರಿಜಕ್ಕ ಬೇಲಿಯಾಚೆಯಿಂದ ತುಳುವಿನಲ್ಲಿ ಕೇಳುತ್ತಿದ್ದದ್ದೂ ಅದನ್ನೇ, ಲೀವ್ ಯಾವಾಗ ಎಂದು. ನಾನು ಬೆರಳು ಮಡಚಿ ತಿಂಗಳು ಹೇಳುತ್ತಿದ್ದೆ.

ಐದನೆಯ ಕ್ಲಾಸಿನಲ್ಲಿ ಇಂಗ್ಲಿಷ್ ಶುರುವಾಯಿತು. ಕಲಿಸಲು ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬರುತ್ತಿದ್ದವರು ಪದ್ಮಲತಾ ಟೀಚರ್. ತೆಳ್ಳಗೆ, ಬಿಳಿ ಸೀರೆ, ಯಾವಾಗಲೂ ಕೈಯಲ್ಲಿ ಸೀಮೆಸುಣ್ಣದ ಹುಡಿ. ಒಂದು ದಿನ ಬೋರ್ಡಿನ ಮೇಲೆ ಲೀವ್ ಎಂದು ಬರೆದು, ಅದರ ಅರ್ಥ ಬಿಟ್ಟು ಹೋಗುವುದು ಎಂದರು. ನಾನು ಎದ್ದು ನಿಂತು, ಅಲ್ಲ ಟೀಚರ್, ಲೀವ್ ಅಂದರೆ ಬರುವುದು ಎಂದೆ. ಇಡೀ ಕ್ಲಾಸು ನಕ್ಕಿತು. ಟೀಚರ್ ನಗಲಿಲ್ಲ. ಬರುವುದು ಯಾರು ಎಂದು ಕೇಳಿದರು. ಬಾಪ ಎಂದೆ. ಅವರು ಕೈಯ ಹುಡಿ ಕೊಡವಿ ಹೇಳಿದರು: "ನಿನ್ನ ಮನೆಯಲ್ಲಿ ಅದೇ ಸರಿ. ಪರೀಕ್ಷೆಯಲ್ಲಿ ಮಾತ್ರ ಬಿಟ್ಟು ಹೋಗುವುದು ಅಂತ ಬರಿ."

ಆ ದಿನ ಮನೆಗೆ ಬಂದು ಉಮ್ಮಮ್ಮನಿಗೆ ಹೊಸ ಅರ್ಥ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, ಹೌದಲ್ಲ, ಬಂದವನು ಹೋಗುವುದೂ ಅದರಲ್ಲೇ ಉಂಟಲ್ಲ ಎಂದರು. ಬಾಪ ಗಲ್ಫಿಗೆ ಹೋದ ಮೇಲಿನ ಹದಿನಾರು ವರ್ಷಗಳಲ್ಲಿ ತನ್ನ ಒಬ್ಬನೇ ಮಗನ ಜೊತೆ ಅವರು ಕಳೆದ ದಿನಗಳನ್ನು ಕೂಡಿಸಿದರೆ ಒಂದು ವರ್ಷ ಆಗುತ್ತಿತ್ತೋ ಇಲ್ಲವೋ. ಅದು ನನಗೆ ಆಗ ಹೊಳೆಯಲಿಲ್ಲ.

ಮುಂದಿನ ಬೇಸಿಗೆ ರಜೆಯಲ್ಲಿ ಉಮ್ಮಮ್ಮ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಈ ಪ್ರಾಯದಲ್ಲಿ ಎಲುಬು ಕೂಡುವುದು ಕಷ್ಟ, ಮಲಗಿಯೇ ಇರಬೇಕಾದೀತು ಎಂದರು ಡಾಕ್ಟರು. ಬಾಪ ಲೀವ್ ಮುಗಿಸಿ ಹೋಗಿ ಆರು ತಿಂಗಳಷ್ಟೇ ಆಗಿತ್ತು. ನಮ್ಮಲ್ಲಿ ಆಗ ಫೋನಿರಲಿಲ್ಲ. ಉಮ್ಮ ಕಾಗದ ಬರೆಯಲು ಕೂತಾಗ ಉಮ್ಮಮ್ಮ ನನ್ನನ್ನು ಹಾಸಿಗೆಯ ಬಳಿ ಕರೆದು, ಅರಬಾಬಿಗೆ, ಎಂದರೆ ಬಾಪನ ಅರಬಿ ಯಜಮಾನನಿಗೆ, ನೀನು ಇಂಗ್ಲಿಷಿನಲ್ಲಿ ಒಂದು ಲೀವ್ ಲೆಟರ್ ಬರೆ ಎಂದರು. ಮನೆಯಲ್ಲಿ ಇಂಗ್ಲಿಷ್ ಕಲಿತವಳು ನಾನೊಬ್ಬಳೇ. ಶಾಲೆಗೆ ಬರೆಯುವ ಲೆಟರ್ ಬಾಯಿಪಾಠ ಇತ್ತು. ಜ್ವರದ ಜಾಗದಲ್ಲಿ ಅಜ್ಜಿ ಬಿದ್ದದ್ದನ್ನು ಹೇಗೋ ಸೇರಿಸಿದೆ. ಎಷ್ಟು ದಿನ ಎಂದು ಬರೆಯಬೇಕಾದ ಕಡೆ ನಿಲ್ಲಿಸಿ ಅವರನ್ನು ಕೇಳಿದೆ.

"ದಿನ ಬರೆಯಬೇಡ ಮಗಾ," ಎಂದರು ಉಮ್ಮಮ್ಮ. "ಬರೆದರೆ ಅದು ಮುಗೀತದೆ."

ದಿನ ಬರೆಯದ ಲೀವಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ ರಜೆಯಲ್ಲಿ ಟೀಚರ್ ಮೂಡುಬಿದಿರೆಯಲ್ಲಿ. ಗೊತ್ತಿದ್ದ ಶಬ್ದಗಳನ್ನೇ ಜೋಡಿಸಿದೆ. ಮೈ ಫಾದರ್ ಲೀವ್ ದ ವರ್ಕ್, ನೋ ಡೇಸ್, ಪ್ಲೀಸ್ ಸರ್. ಕೆಳಗೆ ನನ್ನ ಹೆಸರು, ಕ್ಲಾಸು, ಊರು. ಉಮ್ಮ ಅದನ್ನು ಬಾಪನ ಕಾಗದದೊಳಗೆ ಮಡಚಿಟ್ಟು ಅಂಟಿಸಿದರು.

ಎರಡು ತಿಂಗಳು ಕಳೆದು, ಜಡಿಮಳೆಯ ಒಂದು ಮಧ್ಯಾಹ್ನ ಬಾಪ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಒಂದೇ ಸೂಟ್‌ಕೇಸು. ಉಮ್ಮಮ್ಮ ಮಲಗಿದಲ್ಲಿಂದಲೇ ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಎಷ್ಟು ದಿನ ಎಂದು ಕೇಳಿದರು. ಇನ್ನು ಹೋಗುವುದಿಲ್ಲ ಎಂದರು ಬಾಪ. ಉಮ್ಮಮ್ಮ ನಂಬಲಿಲ್ಲ. ನಲವತ್ತೈದನೆಯ ದಿನದವರೆಗೂ ನಂಬಲಿಲ್ಲ. ನಲವತ್ತಾರನೆಯ ಬೆಳಿಗ್ಗೆ ಬಾಪ ಅಂಗಳದಲ್ಲಿ ಕೂತು ಹಲ್ಲುಜ್ಜುತ್ತಿದ್ದುದನ್ನು ಕಿಟಕಿಯಿಂದ ನೋಡಿ, ತನ್ನನ್ನು ಎತ್ತಿ ಕೂರಿಸಲು ಹೇಳಿದರು. ಮಳೆ ನಿಲ್ಲುವಷ್ಟರಲ್ಲಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದರು. ಡಾಕ್ಟರರಿಗೂ ಆಶ್ಚರ್ಯ.

ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ಮೊದಲಿನ ಖುಷಿ ಇಳಿದ ಮೇಲೆ ನನಗೆ ಲೀವಿನ ಬಾಪನೇ ಬೇಕೆನಿಸತೊಡಗಿತು. ಲೀವಿನ ಬಾಪ ನನ್ನನ್ನು ಹೆಗಲ ಮೇಲೆ ಕೂರಿಸಿ ಸೇತುವೆಯವರೆಗೆ ಒಯ್ಯುತ್ತಿದ್ದರು, ಯಾವುದಕ್ಕೂ ಇಲ್ಲ ಎನ್ನುತ್ತಿರಲಿಲ್ಲ. ಈ ಬಾಪ ಬಾಡಿಗೆ ಟೆಂಪೋದಲ್ಲಿ ಬೆಳ್ತಂಗಡಿಗೆ, ಮೂಡುಬಿದಿರೆಗೆ ಹೆಂಚು, ಸಿಮೆಂಟು ಸಾಗಿಸಿ ಬೆವರಿನಲ್ಲಿ ಮನೆಗೆ ಬರುತ್ತಿದ್ದರು. ಮಗ್ಗಿ ತಪ್ಪಿದರೆ ಬೈಯುತ್ತಿದ್ದರು, ಊಟವಾದ ಕೂಡಲೇ ನಿದ್ದೆ ಹೋಗುತ್ತಿದ್ದರು. ಹಪ್ಪಳದ ಡಬ್ಬ ಈಗ ಎಲ್ಲರಿಗೂ ತೆರೆದಿತ್ತು, ನಾನು ಅದರ ಕಡೆ ನೋಡುತ್ತಲೂ ಇರಲಿಲ್ಲ. ಉಮ್ಮ ಮೊದಮೊದಲು ದಿನವೂ ಸುರ್ಮಾ ಹಾಕಿದರು, ಆಮೇಲೆ ಯಾವಾಗಲೋ ಬಿಟ್ಟರು. ಯಾವ ದಿನದಿಂದ ಎಂದು ನಮಗ್ಯಾರಿಗೂ ಗೊತ್ತಾಗಲಿಲ್ಲ. ಗಿರಿಜಕ್ಕ ಬೇಲಿಯ ಬಳಿ ಬಂದರೂ ಕೇಳಲು ಏನೂ ಇರುತ್ತಿರಲಿಲ್ಲ. ನಮ್ಮ ಮನೆಯಿಂದ ಲೀವ್ ಎಂಬ ಶಬ್ದವೇ ಹೋಗಿಬಿಟ್ಟಿತ್ತು.

ಎಂಟನೆಯ ಕ್ಲಾಸಿಗೆ ಬರುವಾಗ ನನ್ನ ಇಂಗ್ಲಿಷ್ ಸುಧಾರಿಸಿತ್ತು. ಒಂದು ಸಂಜೆ ವ್ಯಾಕರಣ ಓದುತ್ತಿದ್ದವಳಿಗೆ ನಾನು ಅರಬಾಬಿಗೆ ಬರೆದದ್ದರ ಅರ್ಥ ಏನೆಂದು ತಟ್ಟನೆ ಹೊಳೆಯಿತು. ನಾನು ಕೇಳಿದ್ದು ರಜೆಯನ್ನಲ್ಲ. ನನ್ನ ತಂದೆ ಕೆಲಸ ಬಿಡುತ್ತಾರೆ ಎಂದು ಬರೆದುಕೊಟ್ಟಿದ್ದೆ. ಪುಸ್ತಕ ಮುಚ್ಚಿಟ್ಟು ಹೊರಗೆ ಹೋದೆ. ಹಿತ್ತಿಲಲ್ಲಿ ಬಾಪ ಟೆಂಪೋದ ಗ್ರೀಸು ಮೆತ್ತಿದ ಕೈಯನ್ನು ಮರಳು ಹಾಕಿ ತಿಕ್ಕುತ್ತಿದ್ದರು. ಆ ಕೈ ನೋಡಿ ಒಳಗೆ ಬಂದುಬಿಟ್ಟೆ. ಯಾರಿಗೂ ಹೇಳಲಿಲ್ಲ. ಎಷ್ಟೋ ವರ್ಷ ಅದನ್ನು ಹೊತ್ತುಕೊಂಡೇ ಓದಿದೆ, ಇಂಗ್ಲಿಷನ್ನೇ ಹಟ ಹಿಡಿದು ಓದಿದೆ. ಉಮ್ಮಮ್ಮ ಇನ್ನೂ ಏಳು ವರ್ಷ ಕೋಲೂರಿಕೊಂಡು ಓಡಾಡಿಕೊಂಡಿದ್ದು, ಒಂದು ಬೆಳಿಗ್ಗೆ ಬಾಪ ಕುಡಿಸುತ್ತಿದ್ದ ಗಂಜಿಯನ್ನು ಅರ್ಧಕ್ಕೆ ಸಾಕೆಂದು ಕಣ್ಣು ಮುಚ್ಚಿದರು.

ಪುಂಜಾಲಕಟ್ಟೆಯ ಹತ್ತಿರದ ಒಂದು ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿದಾಗ ಮೊದಲ ದಿನ ಬಾಪನೇ ಟೆಂಪೋದಲ್ಲಿ ಕರೆದುಕೊಂಡು ಹೋದರು. ದಾರಿಯಲ್ಲಿ ತಡೆಯಲಾಗದೆ ಹೇಳಿಬಿಟ್ಟೆ. ನನ್ನ ತಪ್ಪು ಇಂಗ್ಲಿಷಿನಿಂದ ನಿಮ್ಮ ಕೆಲಸ ಹೋಯಿತು ಎಂದೆ. ಬಾಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ತಾನು ಏಳನೆಯ ಕ್ಲಾಸು ಓದಿದವನು, ಅಷ್ಟು ಇಂಗ್ಲಿಷ್ ತನಗೂ ಬರುತ್ತಿತ್ತು, ಬೇಕಾಗಿದ್ದರೆ ಬೇರೆ ಬರೆಸಿ ಕೊಡಬಹುದಿತ್ತು ಎಂದರು.

"ಮೂರು ದಿನ ಕಿಸೆಯಲ್ಲಿ ಇಟ್ಟುಕೊಂಡಿದ್ದೆ," ಎಂದರು. "ಆಮೇಲೆ ಅದನ್ನೇ ಕೊಟ್ಟೆ. ನನಗೆ ಹೇಳ್ಲಿಕ್ಕೆ ಧೈರ್ಯ ಇಲ್ಲದ್ದನ್ನು ನೀನು ಬರೆದಿದ್ದೆ ಮಗಾ."

ನಾನು ಅತ್ತೆ. ಅವರು ಪುಂಜಾಲಕಟ್ಟೆಯಲ್ಲಿ ಟೆಂಪೋ ನಿಲ್ಲಿಸಿ, ಮುಖ ತೊಳೆದುಕೊಂಡು ಹೋಗು, ಮಕ್ಕಳು ಹೆದರಿಯಾರು ಎಂದು ಹೋಟೆಲಿನಿಂದ ಒಂದು ಚೊಂಬು ನೀರು ತಂದುಕೊಟ್ಟರು.

ಬಾಪ ತೀರಿಕೊಂಡು ಕೆಲವು ವರ್ಷಗಳಾದವು. ಪಾಣೆಮಂಗಳೂರಿನ ಮನೆ ಈಗಿಲ್ಲ. ಬಾವಿಯನ್ನೂ ಮುಚ್ಚಿದ್ದಾರೆ, ಎಲ್ಲಿತ್ತೆಂದು ಗುರುತು ಹಿಡಿಯಲು ನನಗೇ ಆಗುವುದಿಲ್ಲ. ಉಮ್ಮ ನನ್ನ ಜೊತೆ ಮೂಡುಬಿದಿರೆಯಲ್ಲಿದ್ದಾರೆ. ಮುಸ್ಸಂಜೆ ನಾವಿಬ್ಬರೂ ಜಗಲಿಯಲ್ಲಿ ಕೂತು ಏನಾದರೂ ಮಾತಾಡುತ್ತಿರುತ್ತೇವೆ. ರಸ್ತೆಯಲ್ಲಿ ಯಾವುದೋ ಟೆಂಪೋ ನಮ್ಮ ಗೇಟಿನ ಹತ್ತಿರ ನಿಧಾನವಾಗುತ್ತದೆ. ಉಮ್ಮ ಮಾತು ನಿಲ್ಲಿಸುತ್ತಾರೆ, ನಾನೂ ನಿಲ್ಲಿಸುತ್ತೇನೆ. ಗಾಡಿ ತಿರುವು ತೆಗೆದುಕೊಂಡು ಹೋದ ಮೇಲೂ ಇಬ್ಬರೂ ಗೇಟಿನ ಕಡೆಗೇ ನೋಡುತ್ತಿರುತ್ತೇವೆ.