ಮುಳ್ಳನ್ನು ನಂಬದ ಹಿರಿಯಣ್ಣನವರು

ಮನೆಯಿದ್ದ ಮಲಾಡಿನಿಂದ ಆಫೀಸಿದ್ದ ಗೋರೆಗಾಂವ್‌ಗೆ ಒಂದೇ ಸ್ಟೇಷನ್. ಆದರೂ ಹಿರಿಯಣ್ಣನವರು ಲೋಕಲ್ ರೈಲು ಹತ್ತುವ ಮೊದಲು ಅದು ಎಲ್ಲಿಗೆ ಹೋಗುತ್ತದೆಂದು ಇಬ್ಬರನ್ನು ಕೇಳುತ್ತಿದ್ದರು. ಇಬ್ಬರೂ ಒಂದೇ ಉತ್ತರ ಕೊಟ್ಟರೆ, ಇವರು ಮೊದಲೇ ಮಾತಾಡಿಕೊಂಡಿರಬೇಕೆಂದು ಮೂರನೆಯವನ ಕಡೆ ತಿರುಗುತ್ತಿದ್ದರು. ಮೈಸೂರು ಬಿಟ್ಟ ಮೇಲೆ ಇಪ್ಪತ್ತೆರಡು ವರ್ಷ ಹೀಗೆ ಮುಂಬಯಿಯ ಮೇಲೆ ಕಣ್ಣಿಟ್ಟು, ಒಂದು ಕಂಪನಿಯ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಹುದ್ದೆಗೇರಿದ್ದರು.

೧೯೭೩ರ ಮೇ ತಿಂಗಳ ಒಂದು ಶನಿವಾರ ಅವರ ಸಾಮ್ರಾಜ್ಯಕ್ಕೆ ಶತ್ರು ನುಗ್ಗಿದ. ಹೆಸರು ನಿಂಗಣ್ಣ, ಊರು ಬಿಜಾಪುರದ ಕಡೆ, ಕೆಲಸ ಸಯನ್‌ನ ಒಂದು ವರ್ಕ್‌ಶಾಪಿನಲ್ಲಿ. ಆಫೀಸಿನ ಹೊಸ ಏರ್ ಕಂಡೀಷನರಿನ ಅರ್ಧ ಭಾಗ ಕೋಣೆಯೊಳಗೆ, ಇನ್ನರ್ಧ ಟೆರೇಸಿನ ಮೇಲೆ. ನಡುವೆ ತಾಮ್ರದ ಪೈಪು. ಪೈಪು ಜೋಡಿಸಿ ಮುಗಿಸಿದ ನಿಂಗಣ್ಣ ಅದಕ್ಕೊಂದು ಪಂಪು ಸಿಕ್ಕಿಸಿ, ಚಾಲೂ ಮಾಡಿ, ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತ. ಒಂದು ಗಂಟೆಯಾಯಿತು. ಎರಡಾಯಿತು. ಮನುಷ್ಯ ಅಲುಗಲಿಲ್ಲ.

“ಏನಯ್ಯಾ, ಏನ್ ಮಾಡ್ತಾ ಇದೀಯ?”

“ಗಾಳಿ ತಗ್ಯಾಕತ್ತೀನ್ರಿ ಸಾಹೇಬ್ರ.”

“ಗಾಳಿನ ತೆಗೆದು ಎಲ್ಲಿಡ್ತೀಯ?”

“ಇಡೂದೇನ್ರಿ, ಹೊರಗ ಬಿಡೂದು. ಪೈಪಿನಾಗ ಗಾಳಿ, ಹಸಿ ಉಳದ್ರ ಒಳಗ ಬರ್ಫ ಕಟ್ಟಿ ಮಶೀನ್ ನಿಂತು ಬಿಡ್ತೈತಿ. ಹ್ವಾದ ತಿಂಗಳ ಒಂದ್ ಆಫೀಸ್ನಾಗ ಹಂಗ ಆತ್ರಿ. ಇನ್ನೊಮ್ಮೆ ಆದ್ರ ಕೆಲಸಕ್ಕ ಬರಬ್ಯಾಡಂತ ಮಾಲಕ್ರು ಹೇಳ್ಯಾರ.”

ಕಣ್ಣಿಗೆ ಕಾಣದ ಸರಕು, ಕೈಗೆ ಸಿಗದ ಕೆಲಸ! ಇಂಥ ಚೆಂದದ ಮೋಸವನ್ನು ಹಿರಿಯಣ್ಣನವರು ಈವರೆಗೆ ಕಂಡಿರಲಿಲ್ಲ. ಅವರು ಕುರ್ಚಿಯನ್ನು ಎಳೆದು ತಂದು ಎದುರಿಗೇ ಕುಳಿತರು.

“ಗಾಳಿ ಹೋಯ್ತು ಅನ್ನೋದಕ್ಕೆ ಸಾಕ್ಷಿ?”

“ಈ ಗೇಜ್ ನೋಡ್ರಿ. ಗಾಳಿ ಇದ್ರ ಮುಳ್ಳು ಸೊನ್ನಿ ಮ್ಯಾಲ ಇರ್ತೈತಿ, ಈಗ ಮೂವತ್ತಕ್ಕ ಬಂದೈತಿ. ಇನ್ನ ಪಂಪ್ ಬಂದ್ ಮಾಡ್ತೀನಿ. ಗಾಳಿ ಒಳಗ ಹೊಕ್ಕರ ಮುಳ್ಳು ಹಿಂದಕ್ಕ ಬರ್ತೈತಿ. ಅಲ್ಲೇ ನಿಂತ್ರ ಕೆಲಸ ಪಕ್ಕಾ.”

ಪಂಪು ನಿಂತಿತು. ಮುಳ್ಳೂ ನಿಂತಿತು. ಅರ್ಧ ಗಂಟೆ ಹಿರಿಯಣ್ಣನವರು ರೆಪ್ಪೆ ಬಡಿಯದೆ ಅದನ್ನು ನೋಡಿದರು. ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಇಷ್ಟು ಪ್ರಾಮಾಣಿಕವಾದದ್ದು ಮುಂಬಯಿಯಲ್ಲಿ ಯಾವುದಿದೆ?

ನಿಂಗಣ್ಣ ಸಂತೋಷದಿಂದ ಮಶೀನಿನ ವಾಲ್ವು ಮುಚ್ಚಿ, ಗ್ಯಾಸ್ ತುಂಬಿಸಲೆಂದು ಗೇಜಿನ ರಬ್ಬರ್ ನಳಿಗೆಯನ್ನು ಬಿಚ್ಚಿ ನೆಲದ ಮೇಲಿಟ್ಟ.

“ನಿಲ್ಲು!” ಹಿರಿಯಣ್ಣನವರು ಎದ್ದ ರಭಸಕ್ಕೆ ಕುರ್ಚಿ ಮಗುಚಿಬಿತ್ತು. “ನಳಿಗೆ ಬಾಯಿ ಬಿಟ್ಕೊಂಡು ಬಿದ್ದಿದೆ. ಈ ಕೋಣೆ ಗಾಳಿಯೆಲ್ಲ ಅದರೊಳಗಿದೆ. ಮತ್ತೆ ನಿನ್ನ ಮುಳ್ಳು ಇನ್ನೂ ಮೂವತ್ತರಲ್ಲೇ ಯಾಕಿದೆ?”

ನಗಲು ಬಾಯಿ ತೆರೆದ ನಿಂಗಣ್ಣ ಹಾಗೇ ಗೇಜಿನತ್ತ ಬಾಗಿದ. ಬೆರಳಿನಿಂದ ಗೇಜನ್ನು ಕುಟ್ಟಿದ. ಮುಳ್ಳು ಜಪ್ಪಯ್ಯ ಎನ್ನಲಿಲ್ಲ.

“ಸಿಕ್ಕೊಂಡೈತ್ರಿ ಇದು,” ಎಂದ.

ಬೇರೆ ಗೇಜು ತರಲು ಸಯನ್‌ಗೇ ಹೋಗಬೇಕು. ಇವನು ಪರಾರಿಯಾದರೆ? ಹಿರಿಯಣ್ಣನವರು ಅವನ ನಟ್ಟು ಬಿಗಿಯುವ ಪಾನಾಗಳ ಚೀಲವನ್ನು ಒತ್ತೆಯಿಟ್ಟುಕೊಂಡು, ಅದು ಸಾಲದೆಂದು ತಾವೂ ಜೊತೆಗೆ ಹೊರಟರು. ದಾದರ್‌ನಲ್ಲಿ ಗಾಡಿ ಬದಲಾಯಿಸುವಾಗ ಆ ಜನಜಂಗುಳಿಯಲ್ಲಿ ಅವನ ಅಂಗಿಯ ತುದಿಯನ್ನು ಹಿಡಿದುಕೊಂಡೇ ನಡೆದರು.

ಮರಳಿ ಬಂದು ಹೊಸ ಗೇಜು ಹಾಕಿ ಪಂಪು ನಡೆಸಿ ನಿಲ್ಲಿಸಿದರೆ, ಮುಳ್ಳು ಮೆಲ್ಲಮೆಲ್ಲಗೆ ಹಿಂದಕ್ಕೆ ತೆವಳತೊಡಗಿತು. ಗಾಳಿ ಒಳಗೆ ನುಗ್ಗುತ್ತಿತ್ತು! ಟೆರೇಸಿನಲ್ಲಿ ಪೈಪಿನ ಒಂದು ನಟ್ಟು ಸಡಿಲವಿತ್ತು. ನಿಂಗಣ್ಣ ಬಿಗಿದ. ಪಕ್ಕದ ನಟ್ಟನ್ನೂ ಬಿಗಿಯುವಂತೆ ಹಿರಿಯಣ್ಣನವರು ಆಜ್ಞೆ ಮಾಡಿದರು, ಅದರ ಮುಖ ಸರಿಯಿಲ್ಲವೆಂದು. ಮತ್ತೆ ಎರಡು ಗಂಟೆ ಪಂಪು. ಈ ಸಲ ಮುಳ್ಳು ನಿಂತಿತು; ನಳಿಗೆ ಬಿಚ್ಚಿದಾಗ ಸೊನ್ನೆಗೆ ಹಾರಿತು.

ಸೋಮವಾರ ಮಶೀನು ಬೆಳಗಿನಿಂದ ಸಂಜೆಯವರೆಗೆ ಒಂದು ಸಲವೂ ನಿಲ್ಲಲಿಲ್ಲ. ಐದು ಗಂಟೆಗೆ ನಿಂಗಣ್ಣ ಬಂದು ಬಾಗಿಲಲ್ಲಿ ಕೈಮುಗಿದ.

“ಮಾಲಕ್ರು ಉಳಿಸ್ಕೊಂಡಾರ್ರಿ ಸಾಹೇಬ್ರ. ನಿಮ್ಮ ಸಂಶೇದಿಂದ ಹೊಟ್ಟಿಗನ್ನ ಉಳೀತು.”

ಹಿರಿಯಣ್ಣನವರು ತಬ್ಬಿಬ್ಬಾದರು. ಆಯುಷ್ಯವಿಡೀ ಎಷ್ಟೋ ಜನರನ್ನು ಅನುಮಾನಿಸಿದ್ದರು; ಒಬ್ಬನೂ ಅದಕ್ಕಾಗಿ ಕೈಮುಗಿದಿರಲಿಲ್ಲ. “ಕೂತ್ಕೊಳಯ್ಯ,” ಎಂದು ಅವನಿಗೂ ಒಂದು ಚಹಾ ತರಿಸಿದರು.